ಹಲಗೆ ನೆಲದ ಮನೆ

ಮಧುಗಿರಿಯಲ್ಲಿ ಬಾಡಿಗೆ ಮನೆ ಹುಡುಕಲು ಶುರುಮಾಡಿ ಏಳು ವಾರವಾಗಿತ್ತು. ಮಧುಶ್ರೀ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಜೊತೆಗಿದ್ದವಳು ತಾಯಿ ಹೊನ್ನಕ್ಕ ಒಬ್ಬಳೇ. ಯುಗಾದಿಯ ಹಿಂದಿನ ದಿನ ಹೊನ್ನಕ್ಕ ಬಚ್ಚಲಿನಿಂದ ಬರುತ್ತ ಟೈಲ್ಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ವಾಕರ್ ಬಂತು. ಆದರೆ ಆ ನೆಲದ ಮೇಲೆ ಒಬ್ಬಳೇ ಕಾಲಿಡುವ ಧೈರ್ಯ ಬರಲಿಲ್ಲ. ಮಗಳು ಮಧ್ಯಾಹ್ನ ಊಟಕ್ಕೆ ಬರುವವರೆಗೂ ಮಂಚದ ಮೇಲೇ ಕೂತಿರುತ್ತಿದ್ದಳು. ಮಗಳು ಬಂದಮೇಲೆ ನೀರಿಗೊಂದು ಕೂಗು, ಬಚ್ಚಲಿಗೊಂದು ಕೂಗು.

ನೋಡಿದ ಮನೆಗಳೆಲ್ಲ ಒಂದೇ ಥರ. ಮುಖ ಕಾಣುವಷ್ಟು ನುಣುಪಾದ ನೆಲ, ಇಲ್ಲವೇ ಮೆಟ್ಟಿಲು. ಎರಡೂ ಇಲ್ಲದ ಕಡೆ ನೀವು ಯಾವ ಜನ ಎಂಬ ಪ್ರಶ್ನೆ. ಹನ್ನೊಂದನೆಯ ಮನೆಯ ಹೊತ್ತಿಗೆ ಮಧುಶ್ರೀಗೆ ಕೋಪ ಬರುವುದೂ ನಿಂತುಹೋಗಿತ್ತು.

ಹನ್ನೆರಡನೆಯದು ನಂದೀಶ್ವರಯ್ಯನವರ ಮನೆ. ನಿವೃತ್ತ ಮೇಷ್ಟ್ರು, ಮೇಲ್ಗಡೆ ಒಬ್ಬರೇ ಇದ್ದರು. ಕೆಳಗಿನ ಮನೆಗೆ ನೆಲವೆಲ್ಲ ಮರದ ಹಲಗೆ. ರಸ್ತೆ ಅಗಲ ಮಾಡುವಾಗ ಅವರ ಹಳೆಯ ಮನೆ ಒಡೆದರಂತೆ. ಆ ಮನೆಯ ಸಾಗುವಾನಿ ತೊಲೆಗಳನ್ನು ಹಲಗೆಯಾಗಿ ಕೊಯ್ಸಿ, ಮಂಡಿನೋವಿನ ಹೆಂಡತಿ ಚನ್ನಮಲ್ಲಮ್ಮನಿಗೆಂದು ಇಲ್ಲಿ ಹಾಕಿಸಿದ್ದರು. ಆಕೆ ಎರಡು ವರ್ಷ ಅದರ ಮೇಲೆ ಓಡಾಡಿ ತೀರಿಕೊಂಡರು. ಆಮೇಲೆ ಬಂದ ಇಬ್ಬರು ಬಾಡಿಗೆದಾರರೂ ನೀರು ಸುರಿಯುವುದಿಲ್ಲ ಎಂದು ಮಾತು ಕೊಟ್ಟು, ಬಕೆಟ್‌ಗಟ್ಟಲೆ ಸುರಿದು ತೊಳೆದಿದ್ದರು. ಒಂದು ಮೂಲೆಯಲ್ಲಿ ಹಲಗೆ ಉಬ್ಬಿದ್ದನ್ನು ನಂದೀಶ್ವರಯ್ಯ ಬಗ್ಗಿ ಕೈಯಿಂದ ಒತ್ತಿ ತೋರಿಸಿದರು. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಬೇಕು, ಅಷ್ಟೇ ಎಂದರು. ಕೊನೆಗೆ, ಮನೆಯಲ್ಲಿ ಮಾಂಸ ಮಾಡುವುದಿಲ್ಲ ತಾನೆ ಎಂದು ಕೇಳಿದರು.

ಮಧುಶ್ರೀ ಇಲ್ಲ ಎಂದುಬಿಟ್ಟಳು. ಸುಳ್ಳು ಹೇಳಬೇಕೆಂದು ಬಂದವಳಲ್ಲ. ಹದಿಮೂರನೆಯ ಮನೆ ನೋಡುವ ತ್ರಾಣ ಅವಳಲ್ಲಿರಲಿಲ್ಲ.

ಜೊತೆಗೆ ಬಂದಿದ್ದ ಹೊನ್ನಕ್ಕ ಅಷ್ಟರಲ್ಲಿ ವಾಕರ್ ಊರಿಕೊಂಡು ಹಜಾರದ ಆ ತುದಿ ಮುಟ್ಟಿದ್ದಳು. ಅಲ್ಲಿಂದಲೇ ತಿರುಗಿ ಹೇಳಿದಳು:

"ತಿಂತೀವಿ ಸ್ವಾಮಿ. ಭಾನುವಾರ ಭಾನುವಾರ ಬಾಡು ಮಾಡ್ತೀವಿ. ಇವಳು ಓಡಾಡಿ ಓಡಾಡಿ ಸುಸ್ತಾಗಿ ಅಂಗಂದ್ಬುಟ್ಳು. ಬೇಜಾರ್ ಮಾಡ್ಕಬ್ಯಾಡಿ."

ನಂದೀಶ್ವರಯ್ಯ ಫೋನ್ ಮಾಡುತ್ತೇನೆ ಎಂದು ಬಾಗಿಲವರೆಗೆ ಬಂದು ಕಳಿಸಿದರು. ಆ ಮಾತಿನ ಅರ್ಥ ಮಧುಶ್ರೀಗೆ ಗೊತ್ತಿತ್ತು. ಆಟೋದಲ್ಲಿ ತಾಯಿಯ ಮುಖ ನೋಡದೆ ಕೂತಳು. ಬೈಯಲು ಬಾಯಿ ತೆರೆದವಳು, ಬೈಯುವುದಕ್ಕೂ ಶಕ್ತಿ ಬೇಕಲ್ಲ ಎನಿಸಿ ಸುಮ್ಮನಾದಳು.

ನಾಲ್ಕನೆಯ ದಿನ ನಿಜವಾಗಿಯೂ ಫೋನ್ ಬಂತು.

"ನಿಮ್ಮ ತಾಯಿ ನೀರು ಹೊಯ್ಯಲ್ಲ ಅಂದ್ರೆ ನಾನು ನಂಬಬಹುದು," ಎಂದರು ನಂದೀಶ್ವರಯ್ಯ. "ಬನ್ನಿ. ಆದರೆ ಅಡುಗೆಮನೆಯಲ್ಲಿ ಅದೊಂದು ಬೇಡಮ್ಮ. ನನ್ನ ಕೈಲಾಗಲ್ಲ."

ಮಧುಶ್ರೀಗೆ ಬಹಳ ದಿನಗಳ ಮೇಲೆ ಕೋಪ ಬಂತು. ನಮ್ಮ ಮಾತು ಬೇಕು, ನಮ್ಮ ಊಟ ಬೇಡ ಎಂದರೆ ಯಾವ ನ್ಯಾಯ ಎಂದು ತಾಯಿಯನ್ನು ಕೇಳಿದಳು. ಬೇಡ ಎಂದು ಹೇಳಿಬಿಡುತ್ತೇನೆ ಎಂದಳು. ಹೊನ್ನಕ್ಕ ತನ್ನ ಪಾದಗಳನ್ನೇ ನೋಡುತ್ತ ಹೇಳಿದಳು:

"ನ್ಯಾಯ ಅಲ್ಲ ಕಣಮ್ಮ, ನಂಗೂ ಗೊತ್ತು. ನಿಡುಗಲ್ಲಿಗೆ ಹೋದಾಗ ನಮ್ಮಣ್ಣ ಜಯಣ್ಣನ ಮನೇಲಿ ತಿನ್ನಾನ ಬುಡು. ಆ ಹಲಗೆ ಮ್ಯಾಲೆ ನಂಗೆ ಭಯ ಆಗ್ನಿಲ್ಲ. ಆವತ್ತು ಒಬ್ಳೇ ನಡೆದೆ, ನೀನು ನೋಡ್ಲಿಲ್ಲ."

ನೋಡಿರಲಿಲ್ಲ, ನಿಜ.

ಆಷಾಢಕ್ಕೆ ಮುಂಚಿನ ಭಾನುವಾರ ಸಾಮಾನು ಸಾಗಿಸಿದರು. ಪಾತ್ರೆ, ಹಾಸಿಗೆ, ಅಕ್ಕಿಡಬ್ಬ ಎಲ್ಲ ಹಜಾರದಲ್ಲೇ ಬಿದ್ದಿದ್ದವು. ಮೇಲಿನಿಂದ ನಂದೀಶ್ವರಯ್ಯ ಒಂದು ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟು ಹೋದರು. ಮಧುಶ್ರೀ ಗಂಟುಗಳ ನಡುವೆ ಗೋಡೆಗೆ ಒರಗಿ ಕೂತಳು. ಕೋಪ ಪೂರ್ತಿ ಹೋಗಿರಲಿಲ್ಲ. ಕಾಫಿ ಚೆನ್ನಾಗಿತ್ತು.

ಒಳಗಿನ ಕೋಣೆಯಲ್ಲಿ ತಾಯಿ ಎದ್ದ ಸದ್ದು ಕೇಳಿತು. ವಾಕರಿನ ರಬ್ಬರ್ ಕಾಲು ಹಲಗೆಯ ಮೇಲೆ ಒಂದೊಂದಾಗಿ ಊರುತ್ತ ಬಚ್ಚಲ ಕಡೆ ಹೋಯಿತು. ಮಧುಶ್ರೀ ಅಭ್ಯಾಸದಂತೆ ಏಳಲು ಕೈ ಊರಿದಳು. ಕೂಗು ಬರಲಿಲ್ಲ. ಅವಳು ಹಾಗೆಯೇ ಕಾಲು ಚಾಚಿ, ಕಣ್ಣು ಮುಚ್ಚಿಕೊಂಡಳು.