ಪೆನ್ಸಿಲ್ಲಿನ ಅಂಕಿಗಳು

"ಚುಚ್ಚೇ, ಹೊತ್ತಾಯ್ತು," ಎಂದ ಅವನು, ಕಿಟಕಿಯ ಕಡೆ ಮುಖ ಮಾಡಿಕೊಂಡು.

"ಚುಚ್ಚಿ ಆಯ್ತು ರೀ," ಎಂದಳು ಹೆಂಡತಿ, ಸೂಜಿಯನ್ನು ನೂಲಿನ ಉಂಡೆಗೆ ಸಿಕ್ಕಿಸುತ್ತಾ.

ಅವನ ಎಡಗೈಯ ಕಿರುಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತ ಮೂಡಿತ್ತು. ಬೆರಳಿಗೆ ಸ್ಪರ್ಶ ಮರಳಿದೆಯೇ ಎಂದು ನೋಡುವ ಈ ಪರೀಕ್ಷೆ ಡಾಕ್ಟರು ಹೇಳಿಕೊಟ್ಟದ್ದಲ್ಲ, ಗಂಡಹೆಂಡಿರೇ ಕಂಡುಕೊಂಡದ್ದು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಡಾಕ್ಟರಂತೂ, ನರ ಹೋಗಿದೆ, ಇನ್ನು ಬರುವುದಿಲ್ಲ ಎಂದು ಮೊದಲ ದಿನವೇ ಕೈತೊಳೆದುಕೊಂಡಿದ್ದರು. ಬೇರೆಯವರಿಗಾದರೆ ಕಿರುಬೆರಳು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆದರೆ ಇವನು ಊರಿನ ವಾದ್ಯವೃಂದದಲ್ಲಿ ಮೂವತ್ತೊಂದು ವರ್ಷದಿಂದ ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ ನುಡಿಸುತ್ತಿದ್ದವನು.

ಚೆಲ್ಲೋದವರು ಬೆರಳುಗಳನ್ನು ಅಂಕಿಯಿಂದ ಕರೆಯುತ್ತಾರೆ. ತೋರುಬೆರಳು ಒಂದು, ಕಿರುಬೆರಳು ನಾಲ್ಕು. ಯಾವ ಸ್ವರಕ್ಕೆ ಯಾವ ಬೆರಳು ಎಂದು, ಸ್ವರಗಳು ಅಚ್ಚಾದ ಪ್ರತಿಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುವುದು ರೂಢಿ. ಇವನ ಪ್ರತಿಗಳಲ್ಲಿ ಎರಡು ವರ್ಷದಿಂದ ನಾಲ್ಕು ಎಂಬ ಅಂಕಿಯೇ ಇರಲಿಲ್ಲ. ಸತ್ತ ಬೆರಳಿನ ಪಾಲಿನ ಕೆಲಸವನ್ನೆಲ್ಲ ಉಳಿದ ಮೂರಕ್ಕೆ ಹಂಚಿ, ಕೈಯನ್ನು ಅಳಿಲಿನ ಹಾಗೆ ತಂತಿಯ ಮೇಲೆ ಓಡಿಸಿ ಹೇಗೋ ದಿನ ತಳ್ಳುತ್ತಿದ್ದ. ಕೈ ಮಾತ್ರ ಮಹಾ ಹಟಮಾರಿ. ಮೂವತ್ತು ವರ್ಷದ ಹಳೆಯ ದಾರಿಯನ್ನು ಬಿಡಲು ಅದಕ್ಕೆ ಸುತರಾಂ ಇಷ್ಟವಿರಲಿಲ್ಲ. ಕಣ್ಣೆದುರು ಅಂಕಿ ಕಂಡರಷ್ಟೇ ಹೊಸ ದಾರಿ ಹಿಡಿಯುತ್ತಿತ್ತು.

ಈ ಗುಟ್ಟು ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬನಿಗೆ. ಪ್ರತಿಗಳ ಕೋಣೆ ನೋಡಿಕೊಳ್ಳುವ ಅವನನ್ನು ಎಲ್ಲರೂ ರಬ್ಬರ್ ಎಂದೇ ಕರೆಯುತ್ತಿದ್ದರು. ಕಛೇರಿ ಮುಗಿದ ಮೇಲೆ ಪ್ರತಿಗಳ ಮೇಲಿನ ಪೆನ್ಸಿಲ್ ಗೀಟನ್ನೆಲ್ಲ ಅಳಿಸಿ ಎತ್ತಿಡುವುದು ಅವನ ಕೆಲಸ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. "ನಿನ್ನ ನಾಲ್ಕು ಎಲ್ಲಿಗೆ ಹೋಯ್ತಯ್ಯ?" ಎಂದು ಒಮ್ಮೆ ಕೇಳಿದ್ದ. "ರಜೆ ಮೇಲಿದೆ," ಎಂದಿದ್ದ ಇವನು. ರಬ್ಬರ್ ಇವನ ಕೈಯನ್ನೊಮ್ಮೆ ನೋಡಿ, ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ವಾದ್ಯವೃಂದವನ್ನು ಕೋಲು ಬೀಸಿ ನಡೆಸುವ ಕಂಡಕ್ಟರ್ ಹುದ್ದೆಗೆ ಹೊಸಬನೊಬ್ಬ ಬಂದಿದ್ದ. "ಟಿಕೆಟ್ ಹರಿಯದ ಕಂಡಕ್ಟರ್," ಎನ್ನುತ್ತಿದ್ದಳು ಹೆಂಡತಿ. ಅವನು ಇವತ್ತು ಚೆಲ್ಲೋದ ಎಂಟು ಜನರನ್ನೂ ಒಬ್ಬೊಬ್ಬರಾಗಿ ನುಡಿಸಲು ಹೇಳಿ ಕೇಳುವವನಿದ್ದ. ಉಳಿಯುವವರು ಆರೇ ಜನ ಎಂದು ಬೋರ್ಡಿನ ಮೇಲೆ ಹಾಕಿಯಾಗಿತ್ತು.

"ನೀವು ಮನೇಲಿ ಬರ್ಕೊಂಡಿರೋ ಹಾಳೆ," ಎಂದು ಬಾಗಿಲಲ್ಲಿ ಹೆಂಡತಿ ಕೈಚಾಚಿದಳು. ಅದರ ಮೇಲೂ ಅವೇ ಅಂಕಿಗಳಿದ್ದವು. ಹದಿನೈದು ದಿನ ಅದನ್ನಿಟ್ಟುಕೊಂಡೇ ಅಭ್ಯಾಸ ನಡೆದಿತ್ತು.

"ಅಲ್ಲಿ ನನ್ನ ಪ್ರತಿನೇ ಇರತ್ತಲ್ಲ. ಇವತ್ತೊಂದು ದಾಟಿದ್ರೆ ನಿವೃತ್ತಿವರೆಗೂ ಯಾರೂ ಕೇಳಲ್ಲ ಕಣೇ," ಎಂದು, ಹಾಳೆ ತೆಗೆದುಕೊಳ್ಳದೆ, ಚೆಲ್ಲೋದ ಪೆಟ್ಟಿಗೆಯನ್ನು ಬೆನ್ನಿಗೇರಿಸಿದ.

ಸಭಾಂಗಣದ ಬಾಗಿಲಲ್ಲಿ ರಬ್ಬರ್ ನಿಂತಿದ್ದ. ಭುಜ ತಟ್ಟಿ, "ಧೈರ್ಯವಾಗಿ ಹೋಗು. ನಾನೆಲ್ಲ ನೋಡ್ಕೊಂಡಿದೀನಿ," ಎಂದ. ಶುಭ ಕೋರುವುದರಲ್ಲೂ ಇವನದೊಂದು ವರಸೆ ಎಂದುಕೊಂಡು ಇವನು ನಕ್ಕ.

ವೇದಿಕೆಯ ಮೇಲೆ ಒಂದೇ ಕುರ್ಚಿ, ಒಂದೇ ಸ್ಟ್ಯಾಂಡು. ಕಂಡಕ್ಟರ್ ಮೂರನೇ ಸಾಲಿನಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದ. ಇವನು ಚೆಲ್ಲೋವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಪುಟ ತೆರೆದ.

ಪುಟ ಬೆಳ್ಳಗಿತ್ತು. ಅಚ್ಚಾದ ಸ್ವರಗಳು ಇದ್ದಲ್ಲೇ ಇದ್ದವು, ಪೆನ್ಸಿಲ್ಲಿನ ಒಂದು ಅಂಕಿಯೂ ಇರಲಿಲ್ಲ. ಸ್ಟ್ಯಾಂಡಿನ ಅಂಚಿನಲ್ಲಿ ಅಳಿಸಿದ ಪುಡಿ ಇನ್ನೂ ಉಳಿದಿತ್ತು. ಕಂಡಕ್ಟರ್ ಎಲ್ಲರ ಪ್ರತಿಗಳನ್ನೂ ತಾನೇ ನೋಡುವುದಾಗಿ ನಿನ್ನೆ ಹೇಳಿದ್ದು ನೆನಪಾಯಿತು. ನಾಲ್ಕಿಲ್ಲದ ಅಂಕಿಗಳು ಅವನ ಕಣ್ಣಿಗೆ ಬಿದ್ದರೆ ಗೆಳೆಯ ಸಿಕ್ಕಿಬೀಳುತ್ತಾನೆ ಎಂದು ರಬ್ಬರ್ ಬೆಳಿಗ್ಗೆ ಬೇಗ ಬಂದು, ಕುಳಿತು, ಒಂದೂ ಬಿಡದೆ ಅಳಿಸಿದ್ದ. ಇವನು ಎಡಗೈಯಿಂದ ಪುಟ ಮಗುಚಿ ಮುಂದಿನದನ್ನೂ ನೋಡಿದ, ಅದೂ ಬೆಳ್ಳಗಿತ್ತು.

"ಶುರು ಮಾಡಿ ಸರ್," ಎಂದ ಕಂಡಕ್ಟರ್.

ನಿಧಾನದ ಭಾಗ ಹೇಗೋ ಸಾಗಿತು. ಸ್ವರಗಳು ಓಡತೊಡಗಿದಾಗ ಅಂಕಿಗಳನ್ನು ನೆನಪಿಸಿಕೊಳ್ಳಲು ಹೆಣಗಿದ. ಕೈ ಕಾಯಲಿಲ್ಲ, ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು. ಕಿರುಬೆರಳು ತಂತಿಯ ಮೇಲೆ ಬಿದ್ದು ಅಲ್ಲೇ ಜಾರಿತು. ಬಂದದ್ದನ್ನು ಸ್ವರ ಎನ್ನುವಂತಿರಲಿಲ್ಲ, ಬರೀ ಕೊರೆತ.

"ಪರವಾಗಿಲ್ಲ, ಇನ್ನೊಂದ್ಸಲ."

ಇನ್ನೊಂದು ಸಲವೂ ಅದೇ ಜಾಗ, ಅದೇ ಕೊರೆತ. ಮೂರನೆಯ ಸಲ ಕಮಾನು ಎತ್ತುವ ಮೊದಲೇ ಕಂಡಕ್ಟರ್ ವೇದಿಕೆಯ ಹತ್ತಿರ ಬಂದ. ಕೆಟ್ಟವನಲ್ಲ, ದನಿ ತಗ್ಗಿಸಿಯೇ ಕೇಳಿದ.

"ಕೈ ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ."

"ಎರಡು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ ಸರ್?"

"ಇಲ್ಲ," ಎಂದ ಇವನು.

ಕಂಡಕ್ಟರ್ ಎಂಟು ಹೆಸರುಗಳ ಪಟ್ಟಿಯನ್ನು ಬಿಡಿಸಿದ. "ನಾಳೆಯಿಂದ ಬರೋದು ಬೇಡ ಸರ್. ಆಫೀಸಿಗೆ ನಾನೇ ಹೇಳ್ತೀನಿ," ಎಂದು ಇವನ ಹೆಸರಿನ ಮೇಲೆ ಗೀಟೆಳೆದ. ಮೂವತ್ತೊಂದು ವರ್ಷಕ್ಕೆ ಅಷ್ಟು ಹೊತ್ತು ಸಾಕಾಯಿತು.

ಹಿಂದಿನ ಕೋಣೆಯಲ್ಲಿ ರಬ್ಬರ್ ಕಾದಿದ್ದ. ಏನೂ ತಿಳಿಯದ ಅವನ ಮುಖ ಹಿಗ್ಗಿತ್ತು.

"ಹೇಗೆ? ಪ್ರತಿ ನೋಡಿದ್ನಾ? ಒಂದು ಅಂಕಿನಾದ್ರೂ ಕಾಣ್ತಾ ಅವನಿಗೆ?"

ಹೇಳಿಬಿಡಬೇಕು ಎನ್ನಿಸಿತು. ಬೆಳಕು ಹರಿಯುವ ಮೊದಲೇ ಎದ್ದು ಬಂದ, ಕೆಂಪಗಾದ ಆ ಕಣ್ಣುಗಳನ್ನು ಕಂಡು ಆ ಯೋಚನೆ ಬಿಟ್ಟ.

"ಒಂದೂ ಕಾಣ್ಲಿಲ್ಲ," ಎಂದ. "ಚೆನ್ನಾಗಿ ಅಳಿಸಿದೀಯ ಕಣಯ್ಯ."

"ಮತ್ತೆ? ಮಧ್ಯಾಹ್ನ ಊಟಕ್ಕೆ ನಿಂದೇ ಖರ್ಚು," ಎಂದು ನಗುತ್ತಾ ರಬ್ಬರ್ ಮುಂದಿನವರ ಪ್ರತಿ ಹಿಡಿದು ಹೊರಟ.

ಇವನು ಚೆಲ್ಲೋವನ್ನು ಪೆಟ್ಟಿಗೆಯಲ್ಲಿಟ್ಟ. ಮುಚ್ಚಳ ಎಳೆಯುವಾಗ ಕಂಡಿತು: ಕಿರುಬೆರಳಿನ ತುದಿಯಲ್ಲಿ, ಬೆಳಗಿನ ರಕ್ತದ ಚುಕ್ಕೆಗೆ ಒತ್ತಿಕೊಂಡು, ಅಳಿಸಿದ ಪುಡಿಯ ಕಪ್ಪು ಎಳೆಯೊಂದು ಅಂಟಿತ್ತು. ಯಾವಾಗ ಅಂಟಿಕೊಂಡಿತೋ ಗೊತ್ತಾಗಿರಲಿಲ್ಲ. ಹೆಬ್ಬೆರಳಿನಿಂದ ಅದನ್ನು ಉಜ್ಜಿ ಕೆಡವಿ, ಪೆಟ್ಟಿಗೆಯ ಕೊಂಡಿ ಹಾಕಿದ.