ಏಳು ಕುಂಟೆ

"ಎಮ್ಮೆ ಕುಂಟೇಲಿ ಬಿದ್ಕೊಂಡದೆ ಸಾರ್. ಎಬ್ಬಿಸ್ಬಿಟ್ಟು ಬಂದು ಸೈನ್ ಆಕ್ತೀನಿ," ಎಂದ ಮುನಿಯಣ್ಣ.

ಜಗಲಿಯ ಮೇಲೆ ಕೂತಿದ್ದ ಪ್ಲಾನಿಂಗ್ ಆಫೀಸಿನ ಸಂಗಮೇಶ ಫೈಲು ಹಿಡಿದುಕೊಂಡು ಕಣ್ಣುಕಣ್ಣು ಬಿಟ್ಟ. ಅವನು ಬ್ಯಾಡಗಿ ಕಡೆಯವನು. ಅವನಿಗೆ ಕುಂಟೆಯೆಂದರೆ ಎತ್ತು ಹೂಡಿ ಹೊಲ ಹರಗುವ ಸಲಕರಣೆ. ಅದರ ಕಬ್ಬಿಣದ ಅಲಗಿನ ಮೇಲೆ ಯಾವ ಎಮ್ಮೆ ತಾನೇ ಮಲಗೀತು?

"ಎಲ್ಲೈತ್ರೀ ಕುಂಟೆ?"

ಮುನಿಯಣ್ಣ ಹೊಂಗೆಮರಗಳ ಕಡೆ ಕೈ ತೋರಿಸಿದ. ಅಲ್ಲೊಂದು ಹೊಂಡ. ಎಮ್ಮೆ ಕುತ್ತಿಗೆಯವರೆಗೆ ನೀರಲ್ಲಿ ಮುಳುಗಿ ಆರಾಮವಾಗಿ ಮೆಲುಕು ಹಾಕುತ್ತಿತ್ತು.

"ಇದಕ್ಕ ಕುಂಟೆ ಅಂತೀರಾ?"

"ಇನ್ನೇನಂತಾರೆ? ಇಂತಾವು ಏಳವೆ. ಅವತ್ತೇ ಯೋಳಿದ್ನಲ್ಲ ಸಾರ್, ನೀವೂ ಬರ್ಕೊಂಡ್ರಿ. ಮಳೆ ನೀರು ಇಲ್ಲಿ ನಿಂತು ಇಂಗುದ್ರೇನೆ ನಮ್ಮ ಬಾವಿಗೋಳ್ಗೆ ನೀರು."

ಬರೆದುಕೊಂಡಿದ್ದ, ನಿಜ. ಎರಡು ತಿಂಗಳ ಹಿಂದೆ ಮಾವಿನಸಂದ್ರದ ಇದೇ ಜಗಲಿಯ ಮೇಲೆ ಕೂತು, ಊರಲ್ಲಿ ಏನೇನಿದೆ ಎಂದು ಕೇಳಿದಾಗ ಮುನಿಯಣ್ಣ ಒಂದೇ ಉಸಿರಿಗೆ "ಕೆರೆ ಒಂದು, ಕುಂಟೆ ಏಳು, ಗಾಡಿ ನಾಕು" ಎಂದಿದ್ದ. ಸಂಗಮೇಶ ಕೆರೆಯನ್ನು ನೀರಿನ ಕಾಲಮಿಗೆ ಹಾಕಿ, ಕುಂಟೆಯನ್ನು ಗಾಡಿಗಳ ಜೊತೆ ಸಲಕರಣೆಗಳ ಕಾಲಮಿಗೆ ಸೇರಿಸಿದ್ದ. ಇಷ್ಟು ದೊಡ್ಡ ಊರಿಗೆ ಏಳೇ ಕುಂಟೆಯೇ ಎಂದು ಒಳಗೊಳಗೇ ನಕ್ಕಿದ್ದ ಬೇರೆ. ಸಲಕರಣೆಗೆ ಮಾರ್ಕಿರಲಿಲ್ಲ.

ಮಾರ್ಕು ಇದ್ದದ್ದು ಕೂಲಿ ಕೇಳದೆ ಪ್ರಕೃತಿ ಮಾಡಿಕೊಡುವ ಕೆಲಸಕ್ಕೆ: ನೀರು ಇಂಗಿಸುವುದಕ್ಕೆ, ಮೇವು ಸೌದೆ ಕೊಡುವುದಕ್ಕೆ, ನೆರೆ ತಡೆಯುವುದಕ್ಕೆ. ಎರಡು ಪ್ರದೇಶಗಳನ್ನು ಹೀಗೆ ಹೋಲಿಸಿ, ಹೆಚ್ಚು ಮಾರ್ಕಿನದನ್ನು ಹಸಿರಾಗಿ ಉಳಿಸಿ ಕಡಿಮೆಯದನ್ನು ಕೈಗಾರಿಕಾ ಬಡಾವಣೆಗೆ ಬಿಡಬೇಕು. ವೈಟ್‌ಫೀಲ್ಡ್ ಕಡೆಯ ಹೊಂಗೇನಹಳ್ಳಿಗೆ ಐವತ್ತೇಳು ಬಂದಿತ್ತು. ಸಿಂಗಸಂದ್ರದಾಚೆಯ ಮಾವಿನಸಂದ್ರಕ್ಕೆ ಐವತ್ತೆರಡು. ವರದಿ ಇವತ್ತೇ ಮೂರು ಗಂಟೆಗೆ ಸಮಿತಿಯ ಮುಂದೆ ಹೋಗುವುದಿತ್ತು.

"ಯಾಕ್ ಸಾರ್, ಮಖ ಇಂಗಾಗೋಯ್ತು?"

"ಏನಿಲ್ರೀ," ಎಂದು ಸಂಗಮೇಶ ಸಹಿಯನ್ನೂ ಮರೆತು ಲೂನಾ ಹತ್ತಿದ.

ಹೊಸೂರು ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹನ್ನೆರಡೂವರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತದೆ? ಈ ತಿಂಗಳು ಕಳೆದರೆ ನೌಕರಿ ಕಾಯಂ. ಏಳು ಹೊಂಡಗಳಿಗೆ ಮಣ್ಣು ತುಂಬುವ ಹೊತ್ತಿಗೆ ಅವನ ತಪ್ಪು ಯಾವ ಕಪಾಟಿನಲ್ಲಿರುತ್ತದೋ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಬೊಮ್ಮನಹಳ್ಳಿ ತಲುಪುವಾಗ ಅಂಗಿ ಬೆನ್ನಿಗೆ ಅಂಟಿತ್ತು.

ಆಫೀಸಿನಲ್ಲಿ ಜಯಸಿಂಹ ನಕ್ಷೆಯ ಮುಂದೆ ಕೂತಿದ್ದರು. ಪ್ಲಾನಿಂಗ್ ಕೆಲಸದಲ್ಲೇ ಕೂದಲು ನರೆಸಿಕೊಂಡವರು, ಕೋಪ ಕಡಿಮೆ. ಸಂಗಮೇಶ ನಿಂತೇ ಎಲ್ಲ ಹೇಳಿದ.

"ನಮ್ಮ ಕಡೆ ಕುಂಟಿ ಅಂದ್ರ ಹೊಲ ಹರಗೋದ್ರೀ ಸರ. ಇಲ್ಲಿ ನೋಡಿದ್ರ ಎಮ್ಮಿ ಅದರಾಗ ಮಲಗಿತ್ತು."

ಜಯಸಿಂಹ ಕನ್ನಡಕ ತೆಗೆದು ಜೋರಾಗಿ ನಕ್ಕುಬಿಟ್ಟರು. "ಏನಯ್ಯಾ ನೀನು! ಎರಡು ತಿಂಗಳು ಒಂದ್ ಮಾತು ಕೇಳ್ಬಾರ್ದಿತ್ತಾ?" ನಗು ನಿಂತ ಮೇಲೆ ಕ್ಯಾಲ್ಕುಲೇಟರ್ ಎಳೆದುಕೊಂಡರು. ಏಳು ಕುಂಟೆ ನೀರಿನ ಕಾಲಮಿಗೆ ಬಂದವು. ಮಾವಿನಸಂದ್ರ ಅರವತ್ತನಾಲ್ಕಕ್ಕೆ ಏರಿತು.

"ಸದ್ಯ, ಇವತ್ತೇ ಹೇಳ್ದೆಯಲ್ಲ. ನಾಳೆಯಾಗಿದ್ರೆ ಇಬ್ರೂ ಮನೆಗೆ ಹೋಗ್ತಿದ್ವಿ."

ಸಂಗಮೇಶನಿಗೆ ಹೋದ ಜೀವ ಬಂದಂತಾಯಿತು. ನೀರು ಕುಡಿಯಲು ಲೋಟ ಎತ್ತಿದ. ಅಷ್ಟರಲ್ಲಿ ಜಯಸಿಂಹ ನಕ್ಷೆಯ ಹೊಸ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿ, ಕೈಗಾರಿಕೆಗೆ ಹಚ್ಚುವ ನೇರಳೆ ಪೆನ್ಸಿಲನ್ನು ಅವನ ಕಡೆ ಉರುಳಿಸಿದರು.

"ಬೇಗ ಹಚ್ಚು. ಹೊಂಗೇನಹಳ್ಳಿ."

ಲೋಟ ತುಟಿಯ ಹತ್ತಿರವೇ ನಿಂತಿತು. ದಾರಿಯುದ್ದಕ್ಕೂ ಅವನಿಗೆ ಇದು ಹೊಳೆದೇ ಇರಲಿಲ್ಲ. ಹೋದ ವಾರವಷ್ಟೇ ಹೊಂಗೇನಹಳ್ಳಿಯ ಚನ್ನಕ್ಕ ತನ್ನ ಬಾವಿಕಟ್ಟೆಯ ಮೇಲೆ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟಿದ್ದಳು. "ನಮ್ಮೂರ್ಗೆ ಎಷ್ಟ್ ಮಾರ್ಕ್ ಆಕ್ದಪ್ಪಾ?" ಎಂದು ಕೇಳಿದ್ದಳು. ಕಣ್ಣು ಸರಿಯಾಗಿ ಕಾಣದ ಮುದುಕಿ. ಅವನು ದೊಡ್ಡಸ್ತಿಕೆಯಿಂದ, "ನಿಮ್ಮೂರು ಪಾಸಾತವ್ವಾ, ಚಿಂತಿ ಬಿಡ್ರಿ" ಎಂದಿದ್ದ. ಅವಳು ಆ ಸಂತೋಷಕ್ಕೆ ಇನ್ನೊಂದು ಲೋಟ ಮಜ್ಜಿಗೆ ಕುಡಿಸಿದ್ದಳು.

"ಸರ, ಎರಡೂ ಹಸಿರು ಹಚ್ಚಾಕ ಬರಂಗಿಲ್ಲೇನ್ರಿ?"

"ಹೋಲಿಸಿ ಒಂದು ಆರಿಸಿ ಕೊಡಿ ಅಂತ ಕೇಳಿದಾರೆ ಕಣಯ್ಯಾ. ಎರಡು ಅಂತ ಬರೆದ್ರೆ ಅವರೇ ಒಂದು ಆರಿಸ್ಕೋತಾರೆ. ಆಗ ನಿನ್ನ ಏಳು ಕುಂಟೇನೂ ಉಳಿಯಲ್ಲ."

ಸಂಗಮೇಶ ಕೂತು ಪೆನ್ಸಿಲ್ ಹಿಡಿದ. ಕೆರೆಯಂಗಳದಿಂದ ಶುರುಮಾಡಿ, ಗೋಮಾಳ ದಾಟಿ, ತೋಪಿನ ಮೇಲೆ ಹಾದು ಊರಿನೊಳಕ್ಕೆ ಬಂದ. ಗೆರೆ ಎಲ್ಲೂ ಹೊರಗೆ ಹೋಗಲಿಲ್ಲ. ಎರಡೂಕಾಲಿಗೆ ಜಯಸಿಂಹ ಎದ್ದು ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಅಲ್ಲೊಂದು ಚುಕ್ಕೆಯಷ್ಟು ಬಿಳೀ ಉಳ್ಕೊಂಡಿದೆ ನೋಡು. ಬಾವಿ ಹತ್ರ."

"ಗೊತ್ತೈತ್ರಿ ಸರ," ಎಂದು ಸಂಗಮೇಶ ಪೆನ್ಸಿಲನ್ನು ಡಬ್ಬಿಯೊಳಗಿಟ್ಟ.