ನಾಲ್ಕು ನಿಮಿಷ ಹತ್ತು ಸೆಕೆಂಡು

ಕುರ್ಚಿಯಿಂದ ತಮ್ಮ ಎದ್ದ, ಕೂತ, ಮತ್ತೆ ಎದ್ದ. ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ತಪ್ಪು ಕನ್ನಡಕದ್ದಾಗಿರಲಿಲ್ಲ.

"ಅಕ್ಕಾ, ಒಂಚೂರು ಬಾ ಇಲ್ಲಿ. ಬಯ್ಯಬೇಡ."

ಬಯ್ಯಬೇಡ ಎಂದು ಶುರುವಾಗುವ ಮಾತುಗಳನ್ನು ಅವನಿಗೆ ಮಾತು ಬಂದಾಗಿನಿಂದಲೂ ಅಕ್ಕ ಕೇಳುತ್ತ ಬಂದಿದ್ದಾಳೆ. ಅವಳು ತನ್ನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಬಣ್ಣದ ಪೆನ್ಸಿಲುಗಳು, ಒಣಗಿದ ಕುಂಚಗಳು, ಮೂರು ವರ್ಷದ ಚಿತ್ರಗಳ ಕಟ್ಟು ಒಂದೊಂದಾಗಿ ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು. ಸೋಮವಾರದಿಂದ ಅವಳು ಶಾಲಾಪುಸ್ತಕ ಮಾಡುವ ಕಂಪನಿಗೆ ಚಿತ್ರ ಬರೆಯಲು ಹೋಗುವವಳು.

"ದೋಣಿ ಜೋರಾಗಿ ಹೋಗ್ತಾ ಇಲ್ಲ," ಎಂದ ತಮ್ಮ.

"ಯಾವ ದೋಣಿ?"

"ನಮ್ಮ ದೋಣೀನೇ. ನಾನು ವೇಗ ಜಾಸ್ತಿ ಮಾಡಿರೋದು ಹಳೇ ದೋಣಿಗೆ. ಮೊದಲನೇ ವರ್ಷ ಮಾಡಿ, ಬೇಡ ಅಂತ ಗೇಮಲ್ಲೇ ಗುಡ್ಡದ ಕೆಳಗೆ ಬಚ್ಚಿಟ್ಟಿದ್ವಲ್ಲ, ಅದಕ್ಕೆ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೆ."

ಅಕ್ಕನ ಕೈಯಲ್ಲಿದ್ದ ಪೆನ್ಸಿಲು ಕೈಯಲ್ಲೇ ಉಳಿಯಿತು.

ಇವರದು ಮೂರೇ ಜನರ ಕಂಪನಿ, ಎರಡು ಕೋಣೆ, ಕೆಳಗೆ ಸೈಕಲ್ ರಿಪೇರಿ ಅಂಗಡಿ. ನದಿ, ಮೋಡ, ಮನುಷ್ಯರನ್ನು ಬರೆಯುವವಳು ಅಕ್ಕ. ಅವಳು ಬರೆದದ್ದನ್ನು ಓಡಾಡುವಂತೆ ಮಾಡುವವನು ತಮ್ಮ. ಸದ್ದುಗಳೆಲ್ಲ ಸೋದರಮಾವನವು. ಮೂವತ್ತು ವರ್ಷ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ ಮನುಷ್ಯ ಈಗ ಬಚ್ಚಲುಮನೆಯಲ್ಲಿ ಟಬ್ಬು, ಮಗ್ಗು, ಸೌಟು ಹರಡಿಕೊಂಡು ನೀರು ಬಡಿಯುತ್ತ ಕೂರುತ್ತಾನೆ. ಮೂವರೂ ಸೇರಿ ಮಾಡಿದ ಗೇಮ್ ಒಂದೇ ಒಂದು. ಅದನ್ನು ಆಡುವವರು ಅಂಬಿಗರಾಗಿ, ಈ ದಡದ ಜನರನ್ನು ದೋಣಿಯಲ್ಲಿ ಆ ದಡಕ್ಕೆ ದಾಟಿಸಬೇಕು, ಅಷ್ಟೆ. ಬಂದೂಕಿಲ್ಲ, ಕಳ್ಳರಿಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಆದರೂ ಜನ ಮುಗಿಬಿದ್ದು ಆಡಿದರು. ಆಡಿದವರೆಲ್ಲ ಹೊಗಳಿದರು, ಹೊಗಳಿದವರೆಲ್ಲ ಕೊನೆಯಲ್ಲಿ ಒಂದು ಸಾಲು ಸೇರಿಸಿದರು: ಆ ದೋಣಿಗೆ ಯಾರಾದರೂ ಮೋಟಾರು ಹಾಕ್ರಪ್ಪ.

ದಡದಿಂದ ದಡಕ್ಕೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಇದನ್ನು ಅಳೆದು ಬರೆದವಳು ಈಜು ಕಲಿಸುವ ಒಬ್ಬ ಕೋಚ್. 'ಸೀಟಿ' ಎಂಬ ಹೆಸರಿನಲ್ಲಿ ದಿನಕ್ಕೊಂದು ದೂರು ಹಾಕುತ್ತಿದ್ದಳು. "ನನ್ನ ಹತ್ತಿರ ಈಜು ಕಲಿಯೋರಲ್ಲಿ ಎಲ್ಲರಿಗಿಂತ ಸೋಮಾರಿ ಒಬ್ಬನಿದ್ದಾನೆ. ಅವನೂ ನಿಮ್ಮ ದೋಣಿಗಿಂತ ಮೊದಲು ದಡ ಸೇರ್ತಾನೆ," ಎಂಬ ಅವಳ ಕಾಮೆಂಟಿಗೆ ಸಾವಿರ ಜನ ನಕ್ಕಿದ್ದರು. ಅಕ್ಕ ಮಾತ್ರ ನಕ್ಕಿರಲಿಲ್ಲ. ಆಮೇಲೆ ಅವಳು ಕಾಮೆಂಟುಗಳನ್ನು ಓದುವುದನ್ನೇ ಬಿಟ್ಟಳು.

"ದಡ ಸೇರೋದಷ್ಟೇ ಬೇಕಿದ್ರೆ ಮೂರು ವರ್ಷ ಕೂತು ನದಿ ಯಾಕೆ ಬರೀಬೇಕಿತ್ತು ನಾನು?" ಎನ್ನುತ್ತಿದ್ದಳು.

"ಆಡೋರು ಅವರು. ಅವರ ಮಾತು ಕೇಳಬಾರ್ದಾ?" ಎನ್ನುತ್ತಿದ್ದ ತಮ್ಮ.

"ಕೇಳ್ತಾ ಹೋದ್ರೆ ನಾಳೆ ನದೀನೇ ಬೇಡ ಅಂತಾರೆ."

ಹೀಗೆ ಒಂದು ವರ್ಷ ಜಗಳಾಡಿ, ಕೊನೆಗೆ ಆಡುವವರನ್ನೇ ಕೇಳಿಬಿಡೋಣ, ಅವರು ಅಂದಂತೆಯೇ ಮಾಡೋಣ ಎಂದಾಯಿತು. ಆರು ಸಾವಿರ ಜನ ಮತ ಹಾಕಿದರು, ಐದು ಸಾವಿರ ಜನ ವೇಗ ಬೇಕೆಂದರು. ಅಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. "ಮಾಡು. ಆದ್ರೆ ಆ ನದಿ ಇನ್ನು ನನ್ನದಲ್ಲ," ಎಂದು ಗೇಮಿನ ಮೊದಲ ಪರದೆಯಿಂದ ತನ್ನ ಹೆಸರನ್ನು ತಾನೇ ಅಳಿಸಿ, ಶಾಲಾಪುಸ್ತಕದವರ ಕೆಲಸ ಒಪ್ಪಿಕೊಂಡಳು.

ಹೋದ ವಾರ ಹೊಸ ಅಪ್‌ಡೇಟ್ ಹೊರಟಿತು. ಜನ ಕುಣಿದಾಡಿದರು. ದೋಣಿ ಹಾರುತ್ತಿದೆ ಎಂದರು, ಕಡೆಗೂ ನಮ್ಮ ಮಾತು ಕೇಳಿದರು ಎಂದರು. ಎಲ್ಲರಿಗಿಂತ ಹೆಚ್ಚು ಕುಣಿದವಳು ಸೀಟಿ. ಅದೇ ಖುಷಿಯಲ್ಲಿ ತಮ್ಮ ಅವಳನ್ನು ಇವತ್ತು ಸಂಜೆ ನಾಲ್ಕಕ್ಕೆ ಆಫೀಸಿಗೆ ಕರೆದಿದ್ದ. ಕೈಗೊಂದು ಪ್ರಶಸ್ತಿಪತ್ರ ಕೊಡೋಣ, ಅದರಲ್ಲಿ ದೋಣಿಯ ಹೊಸ ಸಮಯ ಬರೆಯೋಣ ಎಂದು ಈಗಷ್ಟೇ ಗಡಿಯಾರ ಇಟ್ಟುಕೊಂಡು ಅಳೆದಿದ್ದ. ಮೂರು ಸಲ ಅಳೆದ. ಮೂರು ಸಲವೂ ನಾಲ್ಕು ನಿಮಿಷ ಹತ್ತು ಸೆಕೆಂಡು.

"ಕಳಿಸೋ ಮುಂಚೆ ಆಡಿ ನೋಡಲಿಲ್ವಾ ನೀನು?"

"ನೋಡ್ದೆ ಅಕ್ಕಾ. ನನಗೂ ಜೋರಾಗೇ ಹೋದ ಹಾಗೆ ಕಾಣಿಸ್ತು."

"ಮತ್ತೆ ಅಪ್‌ಡೇಟಲ್ಲಿ ಹೋಗಿದ್ದೇನು?"

ಬಚ್ಚಲುಮನೆಯ ಕಡೆ ತಿರುಗಿದ ತಮ್ಮ. ಬಾಗಿಲಲ್ಲಿ ಮಾವ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ದೋಣಿಯ ಹುಟ್ಟು ನೀರಿಗೆ ಬೀಳುವ ಹಳೇ ಸದ್ದು ತನಗೆ ಮೊದಲಿಂದಲೂ ಹಿಡಿಸಿಲ್ಲ ಎಂದು ವರ್ಷದಿಂದ ಗೊಣಗುತ್ತಿದ್ದವನು ಅವನು. ಅಕ್ಕ ಹೇಗೂ ಹೋಗುತ್ತಿದ್ದಾಳೆ, ಬೇಡ ಎನ್ನುವವರಿಲ್ಲ ಎಂದು ಮಗ್ಗಿನಲ್ಲಿ ನೀರು ಬಡಿದು ಹೊಸ ಸದ್ದು ಮಾಡಿ ಕೊಟ್ಟಿದ್ದ. ಅಪ್‌ಡೇಟಿನಲ್ಲಿ ಜನರಿಗೆ ಮುಟ್ಟಿದ ಬದಲಾವಣೆ ಅದೊಂದೇ. ಮುಂಚೆ ದಬ್ ಎಂದು ಒಂದು ಪೆಟ್ಟು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೊಂದು ದಬ್. ಈಗ ಎರಡು ಪೆಟ್ಟುಗಳ ನಡುವೆ ದೋಣಿಯ ಮೈಗೆ ನೀರು ಚುಳುಚುಳು ಎಂದು ತಾಗುತ್ತಿತ್ತು.

"ಅಂದ್ರೆ ಐದು ಸಾವಿರ ಜನ ಕುಣೀತಾ ಇರೋದು ನನ್ನ ಮಗ್ಗಿಗಾ?" ಎಂದ ಮಾವ.

ಅಕ್ಕನಿಗೆ ಮೊದಲು ನಗು ಬಂತು. ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಡ್ಡದ ಕೆಳಗೆ ಕತ್ತಲಲ್ಲಿ ಯಾರೂ ಕೂರದ ದೋಣಿಯೊಂದು ವಾರದಿಂದ ಶರವೇಗದಲ್ಲಿ ಅತ್ತಿಂದಿತ್ತ ಓಡುತ್ತಿದೆ ಎಂದು ನೆನೆದು ಇನ್ನಷ್ಟು ನಕ್ಕಳು. ನಗು ಮುಗಿದ ಮೇಲೆ ಸಿಟ್ಟು ಬಂತು. ಇಲ್ಲದ ವೇಗಕ್ಕಾಗಿ ತಾನು ಹೆಸರು ಅಳಿಸಿಕೊಂಡದ್ದು!

"ಯಾರಿಗೂ ಹೇಳೋದು ಬೇಡ," ಎಂದ ತಮ್ಮ. "ಅವರಿಗೂ ಖುಷಿ, ನಿನ್ನ ನದಿಯೂ ಹಾಗೇ ಇದೆ. ಬಾಯಿ ಮುಚ್ಕೊಂಡಿದ್ರೆ ಮುಗೀತು. ನೀನೂ ಇಲ್ಲೇ ಇರಬಹುದು."

ಅಕ್ಕನಿಗೆ ಆಸೆಯಾಯಿತು, ನಿಜ. ಅವಳು ಉತ್ತರ ಕೊಡುವ ಮೊದಲೇ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು.

ಸೀಟಿ ಮೇಡಂ ಬಾಗಿಲು ತುಂಬುವಂಥ ಹೆಂಗಸು. ಈಜುಕೊಳದ ಆ ತುದಿಗೆ ಕೂಗಿ ಕೂಗಿ ಗಂಟಲು ಹಾಗೇ ಉಳಿದುಬಿಟ್ಟಿತ್ತು. ಕೊರಳಲ್ಲಿ ಸೀಟಿ, ಅದರ ಪಕ್ಕ ಸ್ಟಾಪ್‌ವಾಚು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

"ನೀವೇ ಏನ್ರಮ್ಮಾ ನದಿ ಬರೆದೋರು? ಬೈದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಮೆಚ್ಚದೇ ಇದ್ದಿದ್ರೆ ಬೈತಾ ಇರಲಿಲ್ಲ ನಾನು. ಎಲ್ಲಿ, ಒಂದು ಸಲ ಆಡಿಸಿ. ದೊಡ್ಡ ಪರದೆ ಮೇಲೆ ನೋಡಬೇಕು."

ಹೇಳಬೇಡ ಎಂದು ಅಕ್ಕನಿಗೆ ಕಣ್ಣಲ್ಲೇ ಕೈಮುಗಿದ ತಮ್ಮ. ಮೇಡಂ ಕೂತು ದೋಣಿ ಬಿಟ್ಟಳು. ಮೂವರ ಕಣ್ಣೂ ಅವಳ ಕೊರಳಲ್ಲಿ ತೂಗುತ್ತಿದ್ದ ಗಡಿಯಾರದ ಮೇಲೆಯೇ ಇತ್ತು. ಮೇಡಂ ಅದನ್ನು ಮುಟ್ಟಲೇ ಇಲ್ಲ. ದೋಣಿ ನಡುನದಿಗೆ ಬಂತು. ಹಿಂದೆ ಕೂತಿದ್ದ ಮುದುಕಿ ಚಪ್ಪಲಿ ಕಳಚಿಟ್ಟು, ಸೀರೆಯನ್ನು ತುಸು ಎತ್ತಿ ಹಿಡಿದು, ಎರಡೂ ಪಾದಗಳನ್ನು ನೀರಿಗೆ ಇಳಿಬಿಟ್ಟಳು.

"ನೋಡಿ, ಇದು! ಈ ಅಜ್ಜೀನ ಹೊಸದಾಗಿ ಹಾಕಿದೀರಲ್ಲ, ಬಹಳ ಚೆನ್ನಾಗಿದೆ."

ಅಕ್ಕ ಮೆಲ್ಲಗೆ, "ಅವರು ಮೊದಲಿಂದಲೂ ಇದಾರೆ ಮೇಡಂ," ಎಂದಳು.

"ಇಲ್ಲಮ್ಮಾ, ನೂರು ಸಲ ಆಡಿದೀನಿ."

"ಆಗ ನೀವು ದೋಣಿ ಬಿಟ್ಟು ಏನು ಮಾಡ್ತಿದ್ರಿ?"

ಮೇಡಂ ಯೋಚಿಸಿದಳು. "ದೋಣಿ ಬಿಡ್ತಿದ್ದೆ, ಎದ್ದು ಹೋಗಿ ಬಟ್ಟೆ ಒಣಗಹಾಕಿ ಬರ್ತಿದ್ದೆ. ಸಪ್ಪೆ ಇತ್ತಲ್ಲ. ಈಗ ಏಳೋಕೆ ಮನಸ್ಸಾಗಲ್ಲ."

ಇನ್ನು ಸುಮ್ಮನಿರುವುದು ಅಕ್ಕನ ಕೈಲಾಗಲಿಲ್ಲ. ಬೈದವಳು ಎಂದು ವರ್ಷವಿಡೀ ಮನಸ್ಸಿನಲ್ಲಿ ಹಲ್ಲು ಕಡಿದಿದ್ದ ಹೆಂಗಸು ಮುಖ ಅರಳಿಸಿಕೊಂಡು ಅಕ್ಕ ಬರೆದ ಅಜ್ಜಿಯನ್ನು ನೋಡುತ್ತಿದ್ದಳು. ಇವಳಿಗೆ ಸುಳ್ಳು ಹೇಳಿ ಉಳಿಸಿಕೊಳ್ಳುವ ನದಿ ತನಗೆ ಬೇಡ ಎನಿಸಿತು.

"ಮೇಡಂ, ದೋಣಿ ಮುಂಚೆ ಇದ್ದಷ್ಟೇ ನಿಧಾನ ಇದೆ. ವೇಗ ಏನೂ ಬದಲಾಗಿಲ್ಲ. ನಮ್ಮ ತಪ್ಪಿಂದ ಹಾಗಾಯ್ತು."

ತಲೆಯ ಮೇಲೆ ಕೈಹೊತ್ತು ಕೂತ ತಮ್ಮ. ಮೇಡಂ ಮೂವರ ಮುಖವನ್ನೂ ನೋಡಿದಳು. ದೋಣಿಯನ್ನು ಮತ್ತೆ ಈ ದಡಕ್ಕೆ ತಂದು, ಸ್ಟಾಪ್‌ವಾಚನ್ನು ಅಂಗೈಗೆ ತಗೊಂಡು, ಅಭ್ಯಾಸಬಲದಿಂದ ಸೀಟಿ ಊದಿದಳು. ಕೆಳಗೆ ಸೈಕಲ್ ಅಂಗಡಿಯಲ್ಲಿ ಏನೋ ದೊಪ್ಪನೆ ಬಿತ್ತು. ದೋಣಿ ಹೊರಟಿತು. ನಾಲ್ವರೂ, ಓಟದ ಪಂದ್ಯ ನೋಡುವವರ ಥರ, ಆ ನಿಧಾನದ ದೋಣಿಯನ್ನೇ ನೋಡಿದರು. ದಡ ತಾಗಿತು. ಮೇಡಂ ಗುಂಡಿ ಒತ್ತಿ ಗಡಿಯಾರವನ್ನು ಕಣ್ಣ ಹತ್ತಿರ ಹಿಡಿದಳು.

"ನಾಲ್ಕು ಹತ್ತು," ಎಂದಳು.

ಆಮೇಲೆ ನಕ್ಕಳು. ಅಂಥ ನಗುವನ್ನು ಆ ಎರಡು ಕೋಣೆಗಳು ಕೇಳಿರಲಿಲ್ಲ. ಮಾವನ ಮಗ್ಗಿನ ಕಥೆ ಗೊತ್ತಾದ ಮೇಲಂತೂ ಹೊಟ್ಟೆ ಹಿಡಿದುಕೊಂಡು ಮೇಜು ಗುದ್ದಿದಳು.

"ಅಯ್ಯೋ, ನಾನೂ ಇದನ್ನೇ ಮಾಡ್ತೀನ್ರೀ! ಕೊಳದ ಪಕ್ಕ ನಿಂತು ಚಪ್ಪಾಳೆ ತಟ್ತೀನಿ. ಸುಸ್ತಾದೋರಿಗೂ ಹುರುಪು ಬರುತ್ತೆ. ನನಗೇ ಯಾರೋ ಚಪ್ಪಾಳೆ ತಟ್ಟಿದಾರೆ, ಗೊತ್ತೇ ಆಗಲಿಲ್ಲ ನೋಡಿ."

"ಹಾಗಾದ್ರೆ ನೀವೆಲ್ಲ ಕೇಳಿದ್ದು ವೇಗ ಅಲ್ಲ," ಎಂದ ತಮ್ಮ.

"ಕೇಳಿದ್ದು ವೇಗಾನೇ ಕಣಪ್ಪಾ. ಬೇಜಾರಾಗ್ತಿತ್ತು, ನಮಗೆ ತೋಚಿದ್ದು ಹೇಳಿದ್ವಿ. ಯಾಕೆ ಬೇಜಾರು ಅಂತ ಕಂಡುಹಿಡಿಯೋದು ನಿಮ್ಮ ಕೆಲಸ. ಅಷ್ಟೂ ನಾವೇ ಮಾಡಿದ್ರೆ ಸಂಬಳ ಕೊಡ್ತೀರಾ?"

ಅಕ್ಕ ಮಾವನ ಕಡೆ ತಿರುಗಿದಳು. "ನೀವೂ ವರ್ಷದಿಂದ ಇದನ್ನೇ ಹೇಳ್ತಿದ್ರಿ ಮಾವ. ಇವರೂ ಹೇಳಿದ್ರು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ." ಹೇಳಿ ಮುಗಿಸಿದಾಗ ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಹಗುರವೆನಿಸಿತು. ಮಾವ ಒಂದು ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟ.

"ಉಳಿದವರಿಗೆ ಏನು ಹೇಳೋದು?" ಎಂದ ತಮ್ಮ.

"ನಿಜ ಹೇಳಿ," ಎಂದಳು ಮೇಡಂ. "ಬೈತಾರೆ. ಬೈಸ್ಕೊಳ್ಳಿ."

ಅಕ್ಕ ಕೂತು ಬರೆದಳು. ಹಳೇ ದೋಣಿ, ಒಂದೇ ಹೆಸರು, ಮಾವನ ಮಗ್ಗು, ಯಾವುದನ್ನೂ ಮುಚ್ಚಿಡಲಿಲ್ಲ. ಇನ್ನೂ ವೇಗ ಬೇಕು ಎನ್ನುವವರು ಹೇಳಿ, ಈ ಸಲ ನಾನೇ ಓದುತ್ತೇನೆ ಎಂದು ಮುಗಿಸಿ, ಕೆಳಗೆ ತನ್ನ ಹೆಸರು ಹಾಕಿ ಕಳಿಸಿದಳು. ಐದು ನಿಮಿಷ ಯಾರಿಂದಲೂ ಸುದ್ದಿಯಿಲ್ಲ. ಆಮೇಲೆ ಟಿಣ್ ಟಿಣ್ ಎಂದು ಶುರುವಾಯಿತು.

ಮೊದಲನೆಯವನು ಮೋಸಗಾರರು ಎಂದ. ಎರಡನೆಯವನು, ದೋಣಿ ಎರಡು ಪಟ್ಟು ಜೋರಾಗಿದೆಯೆಂದು ಗೆಳೆಯನ ಹತ್ತಿರ ಪಣ ಕಟ್ಟಿದ್ದೆ, ಇನ್ನು ಒಂದು ವಾರ ಅವನ ಪಾತ್ರೆ ತೊಳೆಯಬೇಕು ಎಂದು ಗೋಳಾಡಿದ. ನಲವತ್ತು ಜನ ಗಡಿಯಾರ ಇಟ್ಟು ಅಳೆದು ಹೌದೆಂದು ಬರೆದರು. ಹತ್ತಾರು ಜನ ಈಗಲೂ ವೇಗವೇ ಬೇಕೆಂದರು. ನೂರಾರು ಜನ, ವೇಗದ ಸುದ್ದಿ ಆಮೇಲಿರಲಿ, ಗುಡ್ಡದ ಕೆಳಗೆ ಓಡುತ್ತಿರುವ ದೋಣಿಯನ್ನು ಮೊದಲು ತೋರಿಸಿ ಎಂದು ಹಟ ಹಿಡಿದರು. ಅಕ್ಕ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದಳು. ಬೈಗುಳಗಳನ್ನು ಎರಡೆರಡು ಸಲ ಓದಿದಳು.

ಓದುತ್ತ ಒಂದು ಕಡೆ ನಿಂತಳು. ಯಾರೋ ಒಂದೇ ಸಾಲು ಬರೆದಿದ್ದರು: ಅಜ್ಜಿ ಕಾಲು ಇಳಿಬಿಟ್ಟಾಗ ನೀರು ಸದ್ದು ಮಾಡೋದೇ ಇಲ್ಲವಲ್ಲ.

"ಹೌದಲ್ಲಾ!" ಎಂದಳು ಅಕ್ಕ.

"ಸೋಮವಾರ ಮಾಡೋಣ," ಎಂದ ಮಾವ. ತಕ್ಷಣ ನಾಲಿಗೆ ಕಚ್ಚಿಕೊಂಡ.

"ಸೋಮವಾರ ಪುರುಸೊತ್ತಿಲ್ಲ. ಆ ಪುಸ್ತಕದವರಿಗೆ ಬರಲ್ಲ ಅಂತ ಹೇಳಬೇಕು, ಇವನ್ನೆಲ್ಲ ಓದಿ ಮುಗಿಸಬೇಕು. ಇವತ್ತೇ ಆಗಲಿ."

ಅಕ್ಕನ ಮುಖ ನೋಡಿದ ತಮ್ಮ ಮೈಕು ತರಲು ಓಡಿದ. ಬಚ್ಚಲುಮನೆಯಲ್ಲಿ ನಾಲ್ವರಿಗೆ ಜಾಗ ಸಾಲದು. ಮೇಡಂ ಹೊಸ್ತಿಲಲ್ಲೇ ನಿಂತು, ಉಸಿರಿನ ಸದ್ದೂ ಬರಬಾರದೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ಫ್ಯಾನು ಆರಿಸಿದ. ಮಾವ ಟಬ್ಬಿನ ಪಕ್ಕ ಮಂಡಿಯೂರಿ, ನೀರಿನಿಂದ ಒಂದು ಗೇಣು ಮೇಲೆ ಮೈಕು ಹಿಡಿದು, ಇನ್ನೊಂದು ಕೈ ಎತ್ತಿದ.

ಅಕ್ಕ ಟಬ್ಬಿನ ಪಕ್ಕ ಸ್ಟೂಲಿನ ಮೇಲೆ ಕೂತು, ಪೈಜಾಮವನ್ನು ಮಂಡಿಯವರೆಗೆ ಮಡಿಸಿಕೊಂಡು, ಎರಡೂ ಪಾದಗಳನ್ನು ನಿಧಾನವಾಗಿ, ಬಹಳ ನಿಧಾನವಾಗಿ ನೀರಿಗೆ ಇಳಿಬಿಟ್ಟಳು.